ಮಸಿ ಬಳಿದ ಹಲ್ಲಿನ ಹುಡುಗಿ

ಕ್ಯಾರೆನ್ ಕುಶ್ಮನ್ ಅವರ ‘ಕ್ಯಾಥರೀನ್, ಕಾಲ್ಡ್ ಬರ್ಡಿ’ 1994ರಲ್ಲಿ ಬಂದ ಕಾದಂಬರಿ. ಕಥೆ ನಡೆಯುವುದು 1290ರ ಇಂಗ್ಲೆಂಡಿನಲ್ಲಿ. ಲಿಂಕನ್‌ಶೈರಿನ ಸಣ್ಣ ಜಹಗೀರುದಾರನ ಮಗಳು ಬರ್ಡಿ ಹದಿನಾಲ್ಕರ ಹೊಸ್ತಿಲಲ್ಲಿದ್ದಾಳೆ. ತಂಗಿಗೆ ಬುದ್ಧಿ ಬಲಿಯಲಿ ಎಂದು ಸನ್ಯಾಸಿಯಾದ ಅಣ್ಣ ದಿನಚರಿ ಬರೆಯಲು ಹಚ್ಚುತ್ತಾನೆ. ಬರೆಯುವಷ್ಟು ದಿನ ನೂಲುವ ಕೆಲಸದಿಂದ ಬಿಡುಗಡೆ ಎಂದು ಅವಳು ಅಮ್ಮನ ಜೊತೆ ಕರಾರು ಮಾಡಿಕೊಳ್ಳುತ್ತಾಳೆ. ನೂಲು ಹಿಡಿಯಬೇಕಾದ ಕೈಗೆ ಲೇಖನಿ ಬಂತು. ಆಮೇಲೆ ಅವಳನ್ನು ತಡೆಯುವವರು ಯಾರು!

ದಿನಚರಿಯಲ್ಲಿ ಯಾವ ದಿನ ಯಾವ ಸಂತನ ಹಬ್ಬ, ಆ ಸಂತ ಹೇಗೆ ಸತ್ತ ಎಂಬ ವಿವರದ ಪಕ್ಕದಲ್ಲೇ ಚಿಗಟಗಳ ಕಾಟ, ಅಪ್ಪನ ಮೇಲಿನ ಸಿಟ್ಟು. ಹೆಣ್ಣಾದ್ದರಿಂದ ತನಗೆ ಕೂಡದ್ದನ್ನೆಲ್ಲ ಒಂದು ಕಡೆ ಪಟ್ಟಿ ಮಾಡುತ್ತಾಳೆ. ಧರ್ಮಯುದ್ಧಕ್ಕೆ ಹೋಗುವಂತಿಲ್ಲ ಎನ್ನುವ ಉಸಿರಿನಲ್ಲೇ ಜೋರಾಗಿ ನಗುವಂತಿಲ್ಲ ಎಂಬುದೂ ಬರುತ್ತದೆ. ನನ್ನನ್ನು ಹೆಚ್ಚು ಚುಚ್ಚಿದ್ದು ಎರಡನೆಯದು.

ಅಪ್ಪನಿಗೆ ಹಣವಂತ ಅಳಿಯ ಬೇಕು. ಬಂದ ಒಬ್ಬ ವರನ ಮುಂದೆ ಬರ್ಡಿ ಹಲ್ಲಿಗೆ ಮಸಿ ಬಳಿದುಕೊಂಡು, ಕೂದಲಿಗೆ ಇಲಿಯ ಮೂಳೆ ಸಿಕ್ಕಿಸಿಕೊಂಡು ನಿಲ್ಲುತ್ತಾಳೆ. ಇನ್ನೊಬ್ಬ ಒಳಗೆ ಕೂತಿರುವಾಗಲೇ ಪಾಯಿಖಾನೆಗೆ ಬೆಂಕಿ! ನಗು ಉಕ್ಕುತ್ತದೆ. ಆದರೆ ಆಗಿನ ಚರ್ಚಿನ ಕಾನೂನಿನಲ್ಲಿ ಹನ್ನೆರಡು ತುಂಬಿದ ಹುಡುಗಿ ಮದುವೆಗೆ ಯೋಗ್ಯಳು. ಅಂಥ ಕಾನೂನಿನ ಎದುರು ಅವಳಿಗಿದ್ದ ಆಯುಧ ಮಸಿ, ಮೂಳೆ ಅಷ್ಟೆ.

ಅದೇ ವರ್ಷ ದೊರೆ ಮೊದಲನೇ ಎಡ್ವರ್ಡ್ ಯೆಹೂದಿಯರನ್ನು ದೇಶದಿಂದ ಹೊರಹಾಕಿದ. ಹಾಗೆ ಹೊರಟವರ ಒಂದು ಗುಂಪು ಬರ್ಡಿಯ ಮನೆಯಲ್ಲಿ ತಂಗುತ್ತದೆ. ಬೇರೆ ಯಾರಂತೆಯೋ ಆಗಲಿಲ್ಲ ಎಂಬುದಕ್ಕಲ್ಲ, ನೀನು ನೀನಾಗಿ ಬಾಳಿದೆಯಾ ಎಂಬುದಕ್ಕೇ ಮುಂದೆ ಲೆಕ್ಕ ಕೊಡಬೇಕು ಎಂಬರ್ಥದ ಮಾತನ್ನು ಅವರಲ್ಲೊಬ್ಬ ಮುದುಕಿ ಆಡುತ್ತಾಳೆ. ಆಗ ಹುಡುಗಿಗೆ ಅದು ತಲೆಗೆ ಹೋಗುವುದಿಲ್ಲ. ನಿಲ್ಲಲು ನೆಲವೇ ಇಲ್ಲದವಳ ಬಾಯಲ್ಲಿ ಈ ಮಾತನ್ನಿಟ್ಟದ್ದು ಕುಶ್ಮನ್ ಅವರ ಹೆಚ್ಚುಗಾರಿಕೆ.

ಬರ್ಡಿ ಕೊನೆಗೆ ಕತ್ತಿ ಹಿಡಿದು ಗೆಲ್ಲುವುದಿಲ್ಲ. ಗೊತ್ತಾದ ಮುದಿ ವರ ಜಗಳವೊಂದರಲ್ಲಿ ಸಾಯುತ್ತಾನೆ, ಅವನ ಮಗನ ಜೊತೆ ಸಂಬಂಧ ಕುದುರುತ್ತದೆ. ಇದು ಸೋಲಲ್ಲವೇ ಎಂದು ಕೆಲವರಿಗೆ ಅನಿಸೀತು. 2022ರ ಲೀನಾ ಡನಮ್ ಸಿನಿಮಾ ಮಗಳಿಗಾಗಿ ಅಪ್ಪನನ್ನೇ ಕಾದಾಟಕ್ಕಿಳಿಸುತ್ತದೆ. ನೋಡಲು ಹಿತ, ಆದರೆ ಬಿಡುಗಡೆ ಅಪ್ಪನ ಕೈಯಿಂದ ಬಂದಂತಾಯಿತು. ಪುಸ್ತಕದಲ್ಲಿ ಹಾಗಲ್ಲ. ಮನೆಬಿಟ್ಟು ಓಡಿದವಳು, ಎಲ್ಲಿದ್ದರೂ ನಾನು ನಾನೇ ಎಂದು ತೀರ್ಮಾನಿಸಿ ತಿರುಗಿ ಹೊರಟಾಗ ವರನ ಸಾವಿನ ಸುದ್ದಿ ಅವಳಿಗಿನ್ನೂ ತಲುಪಿರುವುದಿಲ್ಲ. ಅದೃಷ್ಟ ಬಂದದ್ದು ಆಮೇಲೆ. ಹದಿಹರೆಯದ ನಾಯಕಿಯರ ಕಥೆಗಳಲ್ಲಿ ಇಷ್ಟು ಪ್ರಾಮಾಣಿಕವಾದ ಅಂತ್ಯ ಅಪರೂಪ.

ಮನೆಯಲ್ಲಿ ಈ ವಯಸ್ಸಿನ ಮಗಳಿದ್ದರೆ ಪುಸ್ತಕ ತಂದುಕೊಡಿ. ಅಪ್ಪಂದಿರೂ ತಪ್ಪದೆ ಓದಿ.