ಹೊಗಳಿಕೆಯನ್ನೇ ಕೇಳುವ ಪ್ರಬಂಧ ಸ್ಪರ್ಧೆ

ವಿಶ್ವವಿದ್ಯಾನಿಲಯಕ್ಕೆ ಐವತ್ತೋ ನೂರೋ ತುಂಬಿತೆಂದರೆ ವಿದ್ಯಾರ್ಥಿಗಳಿಗೊಂದು ಪ್ರಬಂಧ ಸ್ಪರ್ಧೆ ಇದ್ದೇ ಇರುತ್ತದೆ. ಸ್ಮರಣ ಸಂಚಿಕೆ, ವಿಚಾರ ಸಂಕಿರಣ, ಸನ್ಮಾನಗಳ ಸಾಲಿನಲ್ಲಿ ಅತಿ ಕಡಿಮೆ ಖರ್ಚಿನದು ಇದೇ. ಓದುವ ಹುಡುಗ ಹುಡುಗಿಯರು ತಮ್ಮ ಸಂಸ್ಥೆಯ ಬಗ್ಗೆ ಬಾಯಿಬಿಡಲು ಸಿಗುವ ಅವಕಾಶವೂ ಬಹುಮಟ್ಟಿಗೆ ಇದೊಂದೇ. ಅದು ವ್ಯರ್ಥವಾಗುತ್ತಿದ್ದರೆ ಅದಕ್ಕೆ ಬರೆಯುವವರನ್ನು ದೂರಿ ಫಲವಿಲ್ಲ. ವಿಷಯ ಕೊಡುವವರನ್ನು ಕೇಳಬೇಕು.

‘ನಾಡಿನ ಪ್ರಗತಿಯಲ್ಲಿ ನಮ್ಮ ವಿಶ್ವವಿದ್ಯಾನಿಲಯದ ಪಾತ್ರ’ ಎಂದು ವಿಷಯ ಕೊಟ್ಟ ಮೇಲೆ ಬರುವುದೇನು? ಪೀಠಿಕೆಗೊಂದು ಸುಭಾಷಿತ, ಸ್ಥಾಪಕರಿಗೆ ನಮನ, ಕುಲಪತಿಗಳ ಪಟ್ಟಿ, ವಿಭಾಗಗಳ ಸಂಖ್ಯೆ, ಉಪಸಂಹಾರದಲ್ಲಿ ‘ಇನ್ನಷ್ಟು ಎತ್ತರಕ್ಕೆ ಬೆಳೆಯಲಿ’ ಎಂಬ ಹಾರೈಕೆ. ಹೆಸರು, ಇಸವಿ ಬದಲಿಸಿದರೆ ಮೈಸೂರಿನದು ಧಾರವಾಡಕ್ಕೂ ನಡೆಯುತ್ತದೆ. ಇಂಥದ್ದನ್ನು ಈಗ ಮೊಬೈಲೇ ನಿಮಿಷದಲ್ಲಿ ಬರೆದುಕೊಡುತ್ತದೆ.

ತೀರ್ಪುಗಾರನಾಗಿ ಕೂತಿದ್ದ ಒಂದು ಸ್ಪರ್ಧೆಯಲ್ಲಿ ಒಬ್ಬಳು ಗ್ರಂಥಾಲಯದ ಬಗ್ಗೆ ಬರೆದಿದ್ದಳು. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ತನ್ನೂರಿನ ಕೊನೆಯ ಬಸ್ಸು ಐದೂವರೆಗೆ ಹೊರಡುತ್ತದೆ; ಹಾಗಾದರೆ ಉಳಿದ ಎರಡೂವರೆ ಗಂಟೆ ಯಾರಿಗಾಗಿ ಎಂದು ಕೇಳಿದ್ದಳು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬಿದ್ದಿತ್ತು. ಭಾಷಾಶುದ್ಧಿ, ನಿರೂಪಣೆ, ಕೈಬರಹಕ್ಕೆ ಅಂಕಗಳಿದ್ದವು. ಕಂಡದ್ದನ್ನು ಬರೆದದ್ದಕ್ಕೆ ಇರಲಿಲ್ಲ. ಅವಳಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ಕೇಳಲು ವಿಷಯಗಳಿಗೇನೂ ಬರವಿಲ್ಲ. ಮೈಸೂರು ವಿಶ್ವವಿದ್ಯಾನಿಲಯವನ್ನೇ ನೋಡಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳನ್ನು ಜೊತೆಗಿಟ್ಟುಕೊಂಡು ಅದು ಶುರುವಾಯಿತು. ಎಲ್ಲ ಪ್ರಬಂಧಗಳೂ ಇದನ್ನು ಹೇಳಿ ಮುಂದೆ ಹೋಗುತ್ತವೆ. ಆದರೆ ಕನ್ನಡ ನಾಡಿನ ಈ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ಹನ್ನೊಂದು ವರ್ಷ ಯಾಕೆ ಬೇಕಾಯಿತು? 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅದರ ಪಾಲಾದಾಗ ಮೈಸೂರಿಗೆ ಆದ ನಷ್ಟವೇನು, ಲಾಭವೇನು? ಒಂದೊಂದೂ ಒಳ್ಳೆಯ ಪ್ರಬಂಧದ ವಿಷಯ.

ಇನ್ನೂ ಒಳ್ಳೆಯದು ಪ್ರಸಾರಾಂಗದ ಕಥೆ. 1930ರ ದಶಕದಿಂದ ಇಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಇತಿಹಾಸ, ಸಾಹಿತ್ಯವನ್ನು ಜನಸಾಮಾನ್ಯರಿಗೆ ಕನ್ನಡದಲ್ಲಿ ವಿವರಿಸಿದರು. ಆ ಉಪನ್ಯಾಸಗಳು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚಾದವು. ಅವುಗಳಲ್ಲಿ ಒಂದನ್ನು ಹುಡುಕಿ ಓದಿ, ಊರಿನ ಹಿರಿಯರೊಬ್ಬರಿಗೆ ಓದಿ ಹೇಳಿ, ಇಂದಿಗೆ ನಿಲ್ಲುವುದೆಷ್ಟು, ನಿಲ್ಲದ್ದೆಷ್ಟು ಎಂದು ಬರೆಯಿರಿ ಎಂದರೆ ಸ್ಥಾಪಕರನ್ನು ನೆನೆದಂತೆಯೂ ಆಗುತ್ತದೆ, ಅವರ ಕೆಲಸವನ್ನು ತೂಗಿ ನೋಡಿದಂತೆಯೂ ಆಗುತ್ತದೆ.

ಸ್ಪರ್ಧೆಯೇ ಬೇಡವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರೀಕ್ಷೆಯ ಉತ್ತರ ಬಿಟ್ಟರೆ ನಾಲ್ಕು ಪುಟ ಕನ್ನಡ ಬರೆಯದ ಮಕ್ಕಳು ಈ ನೆಪದಲ್ಲಾದರೂ ಪೆನ್ನು ಹಿಡಿಯುತ್ತಾರೆ. ದೂರದ ತಾಲ್ಲೂಕಿನ ಕಾಲೇಜಿನ ಹೆಸರು ಒಮ್ಮೆಯಾದರೂ ವೇದಿಕೆಯ ಮೇಲೆ ಕೇಳಿಸುತ್ತದೆ. ಅಷ್ಟಕ್ಕೇ ತೃಪ್ತಿಪಡುವುದು ಮಾತ್ರ ವಿಶ್ವವಿದ್ಯಾನಿಲಯಕ್ಕೆ ಶೋಭಿಸದು. ಹೊಗಳುವ ಕೆಲಸಕ್ಕೆ ಸಮಾರಂಭದ ಅತಿಥಿಗಳಿದ್ದಾರೆ.

ಆದ್ದರಿಂದ ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ. ವಿಷಯವನ್ನು ಕಿರಿದು ಮಾಡಿ, ಪ್ರಶ್ನೆಯ ರೂಪದಲ್ಲಿ ಕೊಡಿ. ಹುಡುಕಾಟಕ್ಕೆ ಒಂದೆರಡು ತಿಂಗಳ ಸಮಯ ಕೊಡಿ, ಹಳೆಯ ಕಡತ, ವರದಿಗಳ ಕಪಾಟಿನ ಬೀಗ ತೆಗೆಸಿ. ಅರ್ಧದಷ್ಟು ಅಂಕವನ್ನು ಹೊಸದಾಗಿ ಕಂಡುಕೊಂಡ ಸಂಗತಿಗೇ ಇಡಿ. ಗೆದ್ದ ಬರಹಗಳನ್ನು, ಟೀಕೆಯ ಸಾಲುಗಳನ್ನು ಕತ್ತರಿಸದೆ, ಸ್ಮರಣ ಸಂಚಿಕೆಯಲ್ಲಿ ಅಚ್ಚುಹಾಕಿ. ಇಷ್ಟು ಮಾಡಲಾಗದಿದ್ದರೆ ಬಹುಮಾನದ ಹಣದಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವುದೇ ವಾಸಿ.