ಹೆಸರನ್ನು ನಂಬಿ ಪಾಠ ಹೇಳಬಹುದೆ?

ಸೈಕ್ಲಿಕ್ ಎಎಂಪಿ ಎಂದೊಡನೆ ಜೀವಶಾಸ್ತ್ರದ ಪುಸ್ತಕಗಳಲ್ಲಿ ಒಂದೇ ಚಿತ್ರ ಎದುರಾಗುವುದನ್ನು ನೀವು ಗಮನಿಸಿರಬಹುದು. ಹಾರ್ಮೋನು ಜೀವಕೋಶದ ಹೊರಗಿನಿಂದ ಗ್ರಾಹಿಯನ್ನು ಸೇರುತ್ತದೆ. ಒಳಗಡೆ ಕಿಣ್ವವೊಂದು ಎಟಿಪಿಯಿಂದ ಸೈಕ್ಲಿಕ್ ಎಎಂಪಿಯನ್ನು ತಯಾರಿಸುತ್ತದೆ. ಅದು 'ಎರಡನೆಯ ದೂತ'ನಾಗಿ ಸಂದೇಶವನ್ನು ಮುಂದಕ್ಕೆ ಒಯ್ಯುತ್ತದೆ. ಇದರ ಶೋಧಕ ಅರ್ಲ್ ಸದರ್ಲೆಂಡ್ ಅವರಿಗೆ 1971ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಚಿತ್ರ ಸರಿಯಾದುದೇ. ಮೀನಿನ ವೃಷಣದಲ್ಲಿಯೂ ಪಿಟ್ಯುಟರಿ ಹಾರ್ಮೋನುಗಳು ಸ್ಟೀರಾಯ್ಡ್ ತಯಾರಿಕೆಯನ್ನು ಹೆಚ್ಚಿಸುವುದು ಬಹುಮಟ್ಟಿಗೆ ಈ ದಾರಿಯಲ್ಲಿಯೇ. ನನ್ನ ಆಕ್ಷೇಪ ಇರುವುದು, ಅದನ್ನು ಎಲ್ಲ ಮೀನುಗಳ ಎಲ್ಲ ಕೋಶಗಳಿಗೂ ಅನ್ವಯಿಸಿಬಿಡುವ ಅಭ್ಯಾಸದ ಬಗೆಗೆ.

ವೀರ್ಯಾಣುವನ್ನೇ ತೆಗೆದುಕೊಳ್ಳಿ. ಸಿಹಿನೀರಿನ ಮೀನಿನ ವೀರ್ಯಾಣು ವೃಷಣದೊಳಗೆ ನಿಶ್ಚಲವಾಗಿರುತ್ತದೆ. ನೀರಿಗೆ ಬಿದ್ದೊಡನೆ ಈಜತೊಡಗುತ್ತದೆ. ಅದನ್ನು ಎಬ್ಬಿಸುವುದು ಯಾವುದು? 1980ರಲ್ಲಿ ಜಪಾನಿನ ಮೊರಿಸಾವಾ ಮತ್ತು ಸುಜುಕಿ ತೋರಿಸಿದಂತೆ, ಟ್ರೌಟ್ ಜಾತಿಯಲ್ಲಿ ಸುತ್ತಲಿನ ಪೊಟ್ಯಾಸಿಯಮ್ ಕಡಿಮೆಯಾಗುವುದು ಮುಖ್ಯ. ಕಾರ್ಪ್ ಬಳಗದಲ್ಲಿ ಅಭಿಸರಣ ಒತ್ತಡ ಇಳಿಯುವುದು ಮುಖ್ಯ. ಈ ಇಳಿತ ಸಣ್ಣದಲ್ಲ. ಲೀಟರಿಗೆ 0.3 ಆಸ್ಮೋಲ್‌ನಷ್ಟಿರುವ ವೀರ್ಯದ್ರವದಿಂದ ಸಿಹಿನೀರಿಗೆ ಬಂದರೆ ಸುಮಾರು 7 ವಾಯುಮಂಡಲ ಒತ್ತಡದ ವ್ಯತ್ಯಾಸ! 1982ರಲ್ಲಿ ಮೊರಿಸಾವಾ ಮತ್ತು ಒಕುನೊ, ಪೊರೆ ತೆಗೆದ ಟ್ರೌಟ್ ವೀರ್ಯಾಣುವಿನ ಬಾಲ ಬಡಿಯತೊಡಗಲು ಸೈಕ್ಲಿಕ್ ಎಎಂಪಿ ಬೇಕೆಂದು ಕಂಡರು. ಅಲ್ಲಿಗೆ ಪಠ್ಯದ ಚಿತ್ರ ಗೆದ್ದಂತಾಯಿತು. ಆದರೆ ಗೆದ್ದದ್ದು ಟ್ರೌಟ್‌ನಲ್ಲಿ.

ಹೆಸರು ನಮ್ಮನ್ನು ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ವೀರ್ಯಾಣುವಿನಲ್ಲಿ ಪೊಟ್ಯಾಸಿಯಮ್ ಅಯಾನುಗಳನ್ನು ಹಾಯಿಸುವ ಕಾಲುವೆಯೊಂದಿದೆ. ಎಎಂಪಿಯ ಸೋದರನಾದ ಸೈಕ್ಲಿಕ್ ಜಿಎಂಪಿಯ ಒಂದೇ ಅಣು ಅದನ್ನು ತೆರೆಯಬಲ್ಲದು. ಇದೇ ಕುಟುಂಬದ ಕಾಲುವೆ ಜೀಬ್ರಾಮೀನಿನಲ್ಲಿಯೂ ಸಿಕ್ಕಿತು. ಸೈಕ್ಲಿಕ್ ನ್ಯೂಕ್ಲಿಯೊಟೈಡ್ ಕೂರುವ ತಾಣಗಳಂತೆ ಕಾಣುವ ಭಾಗಗಳು ಅದರಲ್ಲಿಯೂ ಇವೆ. ಹಾಗಾದರೆ ಕೆಲಸವೂ ಒಂದೇ ಇರಬೇಕಲ್ಲವೆ? 2015ರಲ್ಲಿ ಪ್ರಕಟವಾದ ಪ್ರಯೋಗಗಳು ಅಲ್ಲವೆಂದವು. ಸೈಕ್ಲಿಕ್ ನ್ಯೂಕ್ಲಿಯೊಟೈಡ್‌ಗಳಿಗೆ ಅದು ಸ್ಪಂದಿಸಲಿಲ್ಲ. ಕೋಶದೊಳಗಿನ ಕ್ಷಾರತೆ ಹೆಚ್ಚಿದಾಗ ತೆರೆದುಕೊಂಡಿತು. ಪೊಟ್ಯಾಸಿಯಮ್ ಹೊರಹರಿದು ಪೊರೆಯ ಒಳಬದಿ ಇನ್ನಷ್ಟು ಋಣವಾಯಿತು. ಅದರ ಹಿಂದೆಯೇ ಕೋಶದೊಳಗೆ ಕ್ಯಾಲ್ಸಿಯಮ್ ಏರಿತು. ಹೆಸರು ಮಾತ್ರ ಹಳೆಯ ಕುಟುಂಬದ್ದೇ ಉಳಿದಿದೆ.

ಭೌತವಿಜ್ಞಾನದವನಾದ ನನಗೆ ಇದರಲ್ಲಿ ಕಾಣುವ ಪಾಠ ಸರಳ. ರಚನೆಯ ಹೋಲಿಕೆಯಿಂದ ಊಹೆ ಹುಟ್ಟಬಹುದು. ಸಾಕ್ಷ್ಯ ಹುಟ್ಟುವುದು ಅಳತೆಯಿಂದ. ಇಂದು ಜೀನ್‌ಗಳ ಅನುಕ್ರಮ ಓದುವುದು ಸುಲಭವಾಗಿದೆ. ಹೋಲಿಕೆ ನೋಡಿಯೇ ಪ್ರೋಟೀನಿಗೆ ಹೆಸರಿಟ್ಟು, ಆ ಹೆಸರಿನಿಂದಲೇ ಕೆಲಸವನ್ನೂ ನಿರ್ಧರಿಸುವ ಆತುರ ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಅಧ್ಯಾಪಕರೆ, ಮುಂದಿನ ಸಲ ಆ ಬಾಣಗುರುತಿನ ಚಿತ್ರವನ್ನು ಹಲಗೆಯ ಮೇಲೆ ಬರೆದಾಗ ಪಕ್ಕದಲ್ಲಿ ಮೂರು ಪ್ರಶ್ನೆಗಳನ್ನೂ ಬರೆಯಿರಿ: ಯಾವ ಪ್ರಾಣಿ? ಯಾವ ಕೋಶ? ಅಳೆದದ್ದು ಏನನ್ನು? ಉತ್ತರವಿಲ್ಲದ ಬಾಣವನ್ನು ಚುಕ್ಕೆಗೆರೆಯಲ್ಲಿ ಬರೆದರೂ ಸಾಕು, ವಿದ್ಯಾರ್ಥಿಗೆ ಅದು ಇನ್ನೂ ಊಹೆಯೆಂದು ತಿಳಿಯುತ್ತದೆ.