ಹೆಸರು ನೋಡಿ ಕನೆಕ್ಟರ್ ಆರಿಸಬೇಡಿ

ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಹೋಗುವ ಕೊಯಾಕ್ಸಿಯಲ್ ಕೇಬಲ್ಲಿನ ತುದಿಗೆ ಯಾವ ಕನೆಕ್ಟರ್ ಹಾಕಬೇಕು? ಹವ್ಯಾಸಿ ರೇಡಿಯೋ ಬಳಗದಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ‘ಎಲ್ಲಕ್ಕೂ ಪಿಎಲ್-259 ಸಾಕು’ ಎಂಬುದು ಒಂದು. ‘ಅದು ಹಳೆಯದು, ಎನ್ ಮಾದರಿಯನ್ನೇ ಹಾಕಿ’ ಎಂಬುದು ಇನ್ನೊಂದು. ಎರಡನ್ನೂ ಒರೆಗೆ ಹಚ್ಚಿ ನೋಡೋಣ.

ಪಿಎಲ್-259 ಮತ್ತು ಅದು ಕೂರುವ ಎಸ್‌ಒ-239 ಜೋಡಿಗೆ ಯುಎಚ್‌ಎಫ್ ಕನೆಕ್ಟರ್ ಎಂದು ಹೆಸರು. 1930ರ ದಶಕದಲ್ಲಿ ಇದು ರೂಪುಗೊಂಡಾಗ 30 ಮೆಗಾಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಯುಎಚ್‌ಎಫ್ ಎನ್ನುತ್ತಿದ್ದರು. ಇಂದು ಆ ಹೆಸರು 300ರಿಂದ 3000 ಮೆಗಾಹರ್ಟ್ಸ್ ವ್ಯಾಪ್ತಿಗೆ ಸಲ್ಲುತ್ತದೆ. ಹೆಸರನ್ನು ನಂಬಿ ಈ ಕನೆಕ್ಟರನ್ನು ಅಲ್ಲಿ ಬಳಸುವುದು ಸರಿಯಲ್ಲ. ಇದರೊಳಗಿನ ಇಂಪೀಡೆನ್ಸ್ ಕೇಬಲ್ಲಿನ 50 ಓಮ್‌ಗೆ ಹೊಂದುವುದಿಲ್ಲ.

ಆದರೆ ಈ ದೋಷ ಎಷ್ಟು ದೊಡ್ಡದು? ಎರಡೂವರೆ ಸೆಂಟಿಮೀಟರ್ ಉದ್ದದ ಭಾಗ 50ರ ಬದಲು 35 ಓಮ್ ಇದೆಯೆಂದೂ ಅದರಲ್ಲಿ ತರಂಗದ ವೇಗ ಬೆಳಕಿನ ವೇಗದ ಶೇ. 70 ಎಂದೂ ಭಾವಿಸಿ. 14 ಮೆಗಾಹರ್ಟ್ಸ್‌ನಲ್ಲಿ ಹಿಂದಿರುಗುವ ಶಕ್ತಿ ಲಕ್ಷಕ್ಕೆ ಒಂದೆರಡು ಪಾಲು. 145ರಲ್ಲಿ ಶೇ. 0.2ಕ್ಕಿಂತ ಕಡಿಮೆ. 435ರಲ್ಲಿ ಸುಮಾರು ಶೇ. 1.3. ಕಾರಣ ಸರಳ: ತರಂಗದೂರಕ್ಕೆ ಹೋಲಿಸಿದರೆ ಈ ತುಂಡು ಬಹಳ ಗಿಡ್ಡ. ಹಾಗಾಗಿ ಹ್ರಸ್ವತರಂಗಗಳಲ್ಲಿ ಪಿಎಲ್-259 ಅನ್ನು ಹಳಿಯುವುದರಲ್ಲಿ ಹುರುಳಿಲ್ಲ. ಆವೃತ್ತಿ ಏರಿದಂತೆ, ಅಂತಹ ಜೋಡಣೆಗಳು ಹೆಚ್ಚಿದಂತೆ ಮಾತ್ರ ಆಕ್ಷೇಪಕ್ಕೆ ಬಲ ಬರುತ್ತದೆ.

ಈ ಲೆಕ್ಕದಲ್ಲಿ ಕಾಣದ ಶತ್ರು ನೀರು. ಪಿಎಲ್-259ಕ್ಕೆ ನೀರು ತಡೆಯುವ ವ್ಯವಸ್ಥೆಯೇ ಇಲ್ಲ. ಮಲೆನಾಡಿನ ಒಂದು ಮಳೆಗಾಲದಲ್ಲಿ ನೀರು ಕೇಬಲ್ಲಿನ ಹೆಣಿಗೆಗೆ ಇಳಿದರೆ ಆಗುವ ನಷ್ಟದ ಮುಂದೆ ಶೇ. 1.3 ಏನೂ ಅಲ್ಲ. 1940ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಪಾಲ್ ನೀಲ್ ರೂಪಿಸಿದ ಎನ್ ಕನೆಕ್ಟರಿನಲ್ಲಿ ರಬ್ಬರ್ ಬಳೆಯಿದೆ. ಮಾಳಿಗೆಯ ಮೇಲೆ ಅದನ್ನು ಆರಿಸಲು ಇದೇ ಮುಖ್ಯ ಕಾರಣ. ಆದರೂ ಮೇಲೆ ಟೇಪು ಸುತ್ತುವುದು ತಪ್ಪದು.

ಎನ್ ಎಂದಾಕ್ಷಣ ನಿಶ್ಚಿಂತರಾಗಬೇಡಿ. ಅದರಲ್ಲಿ 75 ಓಮ್ ಮಾದರಿಯೂ ಇದ್ದು, ಅದರ ನಡುಕಡ್ಡಿ ತೆಳು. 50 ಓಮ್‌ನ ದಪ್ಪ ಕಡ್ಡಿಯನ್ನು ಅದರ ಸಾಕೆಟ್ಟಿಗೆ ತುರುಕಿದರೆ ಸಾಕೆಟ್ ಹಾಳು. ಕೈರೇಡಿಯೋಗಳ ಎಸ್‌ಎಂಎ ಕನೆಕ್ಟರಿನಲ್ಲಿ ಇನ್ನೂ ಸೂಕ್ಷ್ಮ ಅಪಾಯವಿದೆ. ವೈಫೈ ರೂಟರ್‌ಗಳಲ್ಲಿ ಕಾಣುವ ‘ಆರ್‌ಪಿ-ಎಸ್‌ಎಂಎ’ ಹೊರನೋಟಕ್ಕೆ ಅದರಂತೆಯೇ ಇದ್ದರೂ ಅದರ ಕಡ್ಡಿ-ತೂತುಗಳು ಅದಲುಬದಲು. ಎರಡೂ ಕಡೆ ತೂತೇ ಇದ್ದಾಗ ತಿರುಪು ಸಲೀಸಾಗಿ ಕೂರುತ್ತದೆ, ಒಳಗೆ ಸಂಪರ್ಕವೇ ಆಗಿರುವುದಿಲ್ಲ. ಆಗ ಪ್ರಸಾರ ಮಾಡಿದರೆ ಶಕ್ತಿಯೆಲ್ಲ ಹಿಂದಿರುಗಿ ಟ್ರಾನ್ಸ್‌ಮಿಟರಿನ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಆದ್ದರಿಂದ ಆವೃತ್ತಿ ಎಷ್ಟು, ಶಕ್ತಿ ಎಷ್ಟು, ಮಳೆಗೆ ಒಡ್ಡುತ್ತೇವೆಯೇ, ಎದುರು ಸಾಕೆಟ್ ಯಾವುದು ಎಂದು ಈ ಕ್ರಮದಲ್ಲಿ ಕೇಳಿಕೊಳ್ಳಿ. ಪ್ರಸಾರಕ್ಕೆ ಮುನ್ನ ಮಲ್ಟಿಮೀಟರಿನಿಂದ ನಡುತಂತಿಯ ಸಂಪರ್ಕ ನೋಡಿ. ಬೆಸುಗೆ ಸರಿಯಿಲ್ಲದ ದುಬಾರಿ ಕನೆಕ್ಟರಿಗಿಂತ ಚೆನ್ನಾಗಿ ಬೆಸೆದ ಅಗ್ಗದ್ದೇ ಮೇಲು.